ಕಂಟ್ರೋಲರ್ ತಲೆ ಮೇಲೆ ಅಷ್ಟು ಭಾರ ಬೇಡ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಮೇಲೆ. ಬಳಕೆದಾರರು ಬಟನ್ ಒತ್ತಿದ ಮೇಲೆ ನಡೆಯಬೇಕಾದ ದೊಡ್ಡ ಕೆಲಸವನ್ನು ಕಂಟ್ರೋಲರ್‌ನಿಂದ, ಅಂದರೆ ಬ್ರೌಸರ್‌ನ ರಿಕ್ವೆಸ್ಟ್ ಪಡೆದು ಉತ್ತರ ಕೊಡುವ ಕೋಡ್‌ನಿಂದ, ಹಿನ್ನೆಲೆಗೆ ದಾಟಿಸುವುದು ಹೇಗೆ ಅಂತ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇದೊಂದನ್ನೇ ಹಿಡಿದು ಕೂತಿದ್ದೇನೆ. ನನಗೆ ಇದು ಮನಸ್ಸಿಗೆ ಹತ್ತಿರದ ವಿಷಯ. ಯಾಕೆ ಅನ್ನುವುದು ಮೊದಲ ಉತ್ತರದಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಮೇಡಂ, ನಮ್ಮದು ರೂಬಿ ಭಾಷೆಯ ರೈಲ್ಸ್ ಫ್ರೇಮ್‌ವರ್ಕ್‌ನಲ್ಲಿ ಬರೆದ ಆ್ಯಪ್. ಆನ್‌ಲೈನ್ ತರಬೇತಿ ಮುಗಿಸಿದವರಿಗೆಲ್ಲ ಪ್ರಮಾಣಪತ್ರದ ಪಿಡಿಎಫ್ ತಯಾರಿಸಿ ಮೇಲ್ ಮಾಡುವ ಒಂದು ಬಟನ್ ಇದೆ. 20 ಜನ ಇದ್ದಾಗ ಏನೂ ತೊಂದರೆ ಇರಲಿಲ್ಲ. ಈಗ 600 ಜನ. ಬಟನ್ ಒತ್ತಿದರೆ ಪುಟ ಸುತ್ತುತ್ತಾ ಇದ್ದು ಕೊನೆಗೆ ಎರರ್ ಬರುತ್ತಿತ್ತು. ಅದಕ್ಕೆ ಕಂಟ್ರೋಲರ್‌ನಲ್ಲೇ ಹೊಸ ಥ್ರೆಡ್ (ಪಕ್ಕದಲ್ಲೇ ಓಡುವ ಕೆಲಸದ ಇನ್ನೊಂದು ಎಳೆ) ತೆರೆದು ಕೆಲಸವನ್ನೆಲ್ಲ ಅದರೊಳಗೆ ಹಾಕಿದೆ. ಪುಟ ಈಗ ತಕ್ಷಣ ಬರುತ್ತದೆ. ಆದರೆ ಕೆಲವರಿಗೆ ಮೇಲ್ ಹೋಗಿಯೇ ಇಲ್ಲ. ಲಾಗ್‌ನಲ್ಲೂ ಏನೂ ಸಿಗುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನದೇ ಹಳೆಯ ಕೋಡ್ ಓದಿದ ಹಾಗಾಯಿತು. ಮೊದಲು ಆ ಎರರ್ ಯಾಕೆ ಬಂತು ನೋಡೋಣ. ಬ್ರೌಸರ್‌ಗೂ ನಿಮ್ಮ ಕಂಟ್ರೋಲರ್‌ಗೂ ನಡುವೆ ಕಾಯುವವರು ಇದ್ದಾರೆ. ಅವರ ತಾಳ್ಮೆಗೆ ಮಿತಿ ಇದೆ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಮುಂದೆ ಇದ್ದರೆ, ನೀವು ಬೇರೆ ಹೇಳದಿದ್ದರೆ, ಹಿಂದಿನ ಸರ್ವರ್‌ನಿಂದ 60 ಸೆಕೆಂಡ್ ಏನೂ ಬರದಿದ್ದಾಗ ಕೈಬಿಡುತ್ತದೆ. ಹೆರೋಕು ಹೋಸ್ಟಿಂಗ್ ಆದರೆ 30 ಸೆಕೆಂಡ್. ಪೈಥಾನ್ ಕಡೆಯ ಗುನಿಕಾರ್ನ್ ಸರ್ವರ್ ಸಹ 30 ಸೆಕೆಂಡ್ ಸುಳಿವಿಲ್ಲದ ವರ್ಕರ್ (ಕೆಲಸ ಮಾಡುವ ಪ್ರೊಸೆಸ್) ಅನ್ನು ಕೊಂದೇ ಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಎಂಜಿನ್‌ಎಕ್ಸ್ ಕೈಬಿಟ್ಟಿತು ಅಂದರೆ ನಿಮ್ಮ ಕೆಲಸ ನಿಂತಿತು ಅಂತಲ್ಲ. ಹಿಂದೆ ರೈಲ್ಸ್ ಓಡಿಸುವ ಸರ್ವರ್ ಪ್ಯೂಮಾ ತನ್ನ ಪಾಡಿಗೆ ಪಿಡಿಎಫ್ ಮಾಡುತ್ತಲೇ ಇರುತ್ತದೆ. ಮುಂದೆ ಎರರ್ ಕಂಡ ಬಳಕೆದಾರರು ಇನ್ನೊಮ್ಮೆ ಬಟನ್ ಒತ್ತುತ್ತಾರೆ. ಯಾರಾದರೂ ಒತ್ತುತ್ತಾರೆ ಅಲ್ವಾ? ಈಗ ಅದೇ 600 ಮೇಲ್‌ಗಳ ಕೆಲಸ ಎರಡು ಕಡೆ ಓಡುತ್ತಿದೆ. ಹೊಸ ರೈಲ್ಸ್‌ನಲ್ಲಿ, 7.2ರಿಂದ, ನೀವು ಬದಲಿಸದಿದ್ದರೆ ಒಂದು ಪ್ಯೂಮಾ ಪ್ರೊಸೆಸ್‌ಗೆ ಸಿಗುವುದು ಮೂರೇ ಥ್ರೆಡ್. ಮೂರನೇ ಸಲ ಒತ್ತಿದರೆ ಆ ಪ್ರೊಸೆಸ್‌ನಲ್ಲಿ ಲಾಗಿನ್ ಪುಟ ತೋರಿಸಲೂ ಕೈ ಖಾಲಿ ಇರುವುದಿಲ್ಲ.

ನೀವು ಥ್ರೆಡ್ ಹಾಕಿದ್ದರಿಂದ ಕಾಯುವುದು ತಪ್ಪಿತು, ಸರಿ. ಆದರೆ ಆ ಥ್ರೆಡ್ ಬದುಕಿರುವುದು ಎಲ್ಲಿ? ವೆಬ್ ಸರ್ವರ್‌ನ ಪ್ರೊಸೆಸ್ ಒಳಗೇ. ಅದು ನಿಂತರೆ ಇದೂ ನಿಂತಿತು. ಹೊಸ ಕೋಡ್ ಡಿಪ್ಲಾಯ್ ಮಾಡಿದಾಗ (ಸರ್ವರ್‌ಗೆ ಏರಿಸಿದಾಗ) ಪ್ಯೂಮಾಗೆ ನಿಲ್ಲು ಅನ್ನುವ ಸಿಗ್ನಲ್ ಹೋಗುತ್ತದೆ. ಅದು ತನ್ನ ಕೈಯಲ್ಲಿರುವ ರಿಕ್ವೆಸ್ಟ್‌ಗಳನ್ನು ಮುಗಿಸಿ ಹೊರಡುತ್ತದೆ. ನೀವು ಪಕ್ಕದಲ್ಲಿ ತೆರೆದ ಥ್ರೆಡ್ ಅದರ ಲೆಕ್ಕದಲ್ಲೇ ಇಲ್ಲ. ರೆಸ್ಪಾನ್ಸ್ ಯಾವಾಗಲೋ ಹೋಗಿದೆ, ಹಾಗಾಗಿ ಅದರ ಮಟ್ಟಿಗೆ ಆ ರಿಕ್ವೆಸ್ಟ್ ಮುಗಿದ ಕತೆ. ನಿಮ್ಮ ಮೇಲ್‌ಗಳು ಅರ್ಧಕ್ಕೇ ನಿಲ್ಲುತ್ತವೆ. ಎಕ್ಸೆಪ್ಷನ್ ಕೂಡ ಬರುವುದಿಲ್ಲ, ಲಾಗ್‌ನಲ್ಲಿ ಏನು ಸಿಗಬೇಕು? ಒಳಗೆ ನಿಜವಾಗಿ ಎಕ್ಸೆಪ್ಷನ್ ಬಂದು ಥ್ರೆಡ್ ಸತ್ತರೂ, ರೂಬಿ 2.5ರ ನಂತರ ಅದರ ಸುದ್ದಿ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ, ರೈಲ್ಸ್‌ನ ಲಾಗ್ ಫೈಲ್‌ಗೆ ಅಲ್ಲ. ಅದನ್ನೂ ಒಮ್ಮೆ ನೋಡಿ.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಇದೇ ಆಯಿತು. 380 ಜನರಿಗೆ ಪ್ರಮಾಣಪತ್ರ ಕಳಿಸುವ ಬಟನ್ ಒತ್ತಿದ್ದರು. ಅದೇ ಹೊತ್ತಿಗೆ ನಾನು ಒಂದು ಬಣ್ಣದ ಬದಲಾವಣೆ ಡಿಪ್ಲಾಯ್ ಮಾಡಿದೆ. ಬರೀ ಒಂದು ಬಟನ್‌ನ ಬಣ್ಣ. ಎರಡು ದಿನ ಬಿಟ್ಟು ಒಬ್ಬ ಹುಡುಗಿಯಿಂದ ಮೇಲ್ ಬಂತು: "ನಾಳೆ ನನಗೆ ಸಂದರ್ಶನ ಇದೆ. ಪ್ರಮಾಣಪತ್ರ ಇನ್ನೂ ಬಂದಿಲ್ಲ." ಯಾರಿಗೆ ಹೋಗಿದೆ, ಯಾರಿಗೆ ಹೋಗಿಲ್ಲ ಎಂದು ನಮ್ಮ ಡೇಟಾಬೇಸ್‌ನಲ್ಲಿ ಒಂದಕ್ಷರ ಇರಲಿಲ್ಲ. ಮೇಲ್ ಸರ್ವರ್‌ನ ಲಾಗ್ ತೆರೆದು, ಒಂದೊಂದೇ ವಿಳಾಸ ಹುಡುಕಿ ಗುರುತು ಹಾಕುತ್ತಾ ರಾತ್ರಿ ಒಂದು ಗಂಟೆವರೆಗೆ ಕೂತಿದ್ದೆ. ಆ ಹುಡುಗಿಗೆ ಮೊದಲು ಕಳಿಸಿದೆ, ಆಮೇಲೆ ಉಳಿದವರಿಗೆ. ಅವತ್ತಿನಿಂದ ಒಂದು ವಿಷಯದಲ್ಲಿ ನಾನು ತುಂಬಾ ಗಟ್ಟಿ. ಬಳಕೆದಾರರಿಗೆ "ಆಗುತ್ತದೆ" ಎಂದು ಹೇಳುವ ಮುಂಚೆ, ಆ ಮಾತನ್ನು ಪ್ರೊಸೆಸ್ ಸತ್ತರೂ ಉಳಿಯುವ ಜಾಗದಲ್ಲಿ ಬರೆದಿಡಬೇಕು. ಥ್ರೆಡ್‌ಗೆ ಹೇಳಿದ್ದು ಬಾಯಿಮಾತು.

ಬರೆದಿಡುವ ಆ ಜಾಗವೇ ಕ್ಯೂ, ಕೆಲಸಗಳ ಸರದಿ. ರೈಲ್ಸ್‌ನಲ್ಲಿ 2014ರ 4.2ನೇ ಆವೃತ್ತಿಯಿಂದ, ಕೆಲಸವನ್ನು ಕ್ಯೂಗೆ ಹಾಕಲು ಆಕ್ಟಿವ್ ಜಾಬ್ ಇದೆ. ಕೆಲಸವನ್ನು ಒಂದು ಜಾಬ್ ಕ್ಲಾಸ್‌ಗೆ ಸಾಗಿಸಿ, ಕಂಟ್ರೋಲರ್‌ನಲ್ಲಿ ಪರ್ಫಾರ್ಮ್ ಲೇಟರ್ ಅಂತ ಕರೆದರೆ ಆಯಿತು. ಆದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ಯಾವ ಕ್ಯೂ ಎಂದು ನೀವು ಹೇಳದಿದ್ದರೆ ಆಕ್ಟಿವ್ ಜಾಬ್ ಬಳಸುವುದು ಅಸಿಂಕ್ ಅನ್ನುವ ಅಡಾಪ್ಟರ್ ಅನ್ನು. ಅದು ಕೆಲಸಗಳನ್ನು ಅದೇ ವೆಬ್ ಪ್ರೊಸೆಸ್‌ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅಂದರೆ ಕೋಡ್ ಅಚ್ಚುಕಟ್ಟಾಯಿತು, ತೊಂದರೆ ಹಾಗೇ ಉಳಿಯಿತು. ಪ್ರೊಡಕ್ಷನ್ ಸೆಟ್ಟಿಂಗ್‌ನಲ್ಲಿ ಸೈಡ್‌ಕಿಕ್ ಅಥವಾ ಸಾಲಿಡ್ ಕ್ಯೂ (ಕೆಲಸವನ್ನು ವೆಬ್ ಪ್ರೊಸೆಸ್‌ನ ಹೊರಗೆ ಬರೆದಿಡುವ ಕ್ಯೂಗಳು) ಎಂದು ಬರೆದಿದೆಯೇ ಇವತ್ತೇ ನೋಡಿ. ಬರೆದಿದ್ದರೆ, ಅದರ ವರ್ಕರ್ ಪ್ರೊಸೆಸ್ ನಿಜವಾಗಿ ಓಡುತ್ತಿದೆಯೇ ಎಂದೂ ನೋಡಿ. ಕ್ಯೂಗೆ ಹಾಕಿದ್ದನ್ನು ಎತ್ತಿಕೊಳ್ಳಲು ಯಾರೂ ಇಲ್ಲದೆ ಸಾವಿರಾರು ಜಾಬ್ ಬಿದ್ದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಇನ್ನೊಂದು ಮಾತು. 600 ಜನರ ಕೆಲಸವನ್ನು ಒಂದೇ ಜಾಬ್ ಒಳಗೆ ಲೂಪ್ ಹಾಕಬೇಡಿ. 417ನೆಯವರ ಹೆಸರಿನಲ್ಲಿ ಫಾಂಟ್‌ಗೆ ಗೊತ್ತಿಲ್ಲದ ಅಕ್ಷರ ಬಂದು ಪಿಡಿಎಫ್ ಕೈಕೊಟ್ಟರೆ, ಇಡೀ ಜಾಬ್ ಮೊದಲಿಂದ ಶುರುವಾಗುತ್ತದೆ. ಆಗ ಮೊದಲ 416 ಜನರಿಗೆ ಇನ್ನೊಂದು ಮೇಲ್. ಒಂದು ತಾಯಿ ಜಾಬ್ ಪಟ್ಟಿ ಓದಲಿ, ಒಬ್ಬೊಬ್ಬರಿಗೆ ಒಂದೊಂದು ಮರಿ ಜಾಬ್ ಹಾಕಲಿ. ಕೆಟ್ಟದ್ದು ಒಂದೇ ಕೆಡುತ್ತದೆ. ಉಳಿದವು ಅದಕ್ಕಾಗಿ ಕಾಯುವುದಿಲ್ಲ.

ಪ್ರಶ್ನೆ: ಕಂಟ್ರೋಲರ್‌ನಲ್ಲಿ ಆರ್ಡರ್ ಸೇವ್ ಮಾಡಿ, ಅದರ ಐಡಿ ಕೊಟ್ಟು ಜಾಬ್ ಕ್ಯೂಗೆ ಹಾಕುತ್ತೇನೆ. ದಿನಕ್ಕೆ ಹತ್ತಾರು ಸಲ ಜಾಬ್ "ರೆಕಾರ್ಡ್ ಸಿಗಲಿಲ್ಲ" ಅನ್ನುತ್ತದೆ. ಹೋಗಿ ನೋಡಿದರೆ ರೆಕಾರ್ಡ್ ಇರುತ್ತದೆ! ಮತ್ತೆ ಓಡಿಸಿದರೆ ಸರಿಯಾಗುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆಯೂ ಹೀಗಾಗಿಲ್ಲ.

ಉತ್ತರ: ನೀವು ಕ್ಯೂಗೆ ಹಾಕುವ ಕೋಡ್‌ನ ಸಾಲು ಒಂದು ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಡೇಟಾಬೇಸ್ ಕೆಲಸಗಳ ಗುಂಪು) ಒಳಗೆ ಕೂತಿದೆ, ನೂರಕ್ಕೆ ತೊಂಬತ್ತು ಪಾಲು ಇದೇ. ನೀವೇ ತೆರೆದ ಟ್ರಾನ್ಸಾಕ್ಷನ್ ಆಗಿರಬಹುದು. ಮಾಡೆಲ್‌ನ ಆಫ್ಟರ್ ಸೇವ್ ಕಾಲ್‌ಬ್ಯಾಕ್‌ನಲ್ಲಿ ಹಾಕಿದ್ದರೂ ಅದೇ ಕತೆ, ಅದು ಓಡುವಾಗ ಕಮಿಟ್, ಅಂದರೆ ಬರೆದದ್ದು ಡೇಟಾಬೇಸ್‌ನಲ್ಲಿ ಕಾಯಂ ಆಗುವುದು, ಇನ್ನೂ ಆಗಿರುವುದಿಲ್ಲ.

ನಡೆಯುವುದನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ನೋಡಿ. ಆರ್ಡರ್‌ನ ಸಾಲು ಟೇಬಲ್‌ಗೆ ಬಿತ್ತು, ಐಡಿ ಸಿಕ್ಕಿತು. ಆ ಐಡಿ, ಕ್ಯೂ ಇಟ್ಟುಕೊಳ್ಳುವ ರೆಡಿಸ್ ಎಂಬ ಬೇರೆ ಸರ್ವರ್‌ಗೆ ಹೋಯಿತು. ರೆಡಿಸ್‌ಗೆ ನಿಮ್ಮ ಡೇಟಾಬೇಸ್‌ನ ಟ್ರಾನ್ಸಾಕ್ಷನ್ ಬಗ್ಗೆ ಏನೂ ಗೊತ್ತಿಲ್ಲ. ಕಾಯುತ್ತಿದ್ದ ವರ್ಕರ್ ತಕ್ಷಣ ಎತ್ತಿಕೊಂಡು ಡೇಟಾಬೇಸ್‌ಗೆ ಕೇಳಿತು. ಅಷ್ಟರಲ್ಲಿ ನಿಮ್ಮ ಕಂಟ್ರೋಲರ್ ಇನ್ನೂ ಸ್ಟಾಕ್ ಕಡಿಮೆ ಮಾಡುವ ಸಾಲಿನಲ್ಲೇ ಇದೆ. ಕಮಿಟ್ ಆಗದ ಸಾಲು ಬೇರೆ ಕನೆಕ್ಷನ್‌ಗೆ ಕಾಣುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ವರ್ಕರ್ ಒಂದೇ, ಡೇಟಾ ಕಡಿಮೆ, ಹಾಗಾಗಿ ಕಂಟ್ರೋಲರ್ ಯಾವಾಗಲೂ ಗೆಲ್ಲುತ್ತದೆ.

ಐದು ಸೆಕೆಂಡ್ ತಡ ಮಾಡಿ ಹಾಕಿ ಎಂದು ನಿಮಗೆ ಯಾರಾದರೂ ಸಲಹೆ ಕೊಡಬಹುದು. ಬೇಡ. ಅದು ಊಹೆ ಮೇಲೆ ಕಟ್ಟಿದ ಮನೆ. ಕಮಿಟ್ ಆದ ಮೇಲೆ ಮಾತ್ರ ಕ್ಯೂಗೆ ಹಾಕಿ. ರೈಲ್ಸ್‌ನಲ್ಲಿ ಆಫ್ಟರ್ ಕಮಿಟ್ ಕಾಲ್‌ಬ್ಯಾಕ್ ಇದೆ. 7.2ರಿಂದ ಜಾಬ್ ಕ್ಲಾಸ್‌ನಲ್ಲೇ ಇದಕ್ಕೊಂದು ಸೆಟ್ಟಿಂಗ್ ಕೂಡ ಇದೆ. ಪೈಥಾನ್‌ನ ಜ್ಯಾಂಗೋದಲ್ಲಿ 1.9ರಿಂದ ಆನ್ ಕಮಿಟ್, ಪಿಎಚ್‌ಪಿಯ ಲಾರಾವೆಲ್‌ನಲ್ಲಿ ಆಫ್ಟರ್ ಕಮಿಟ್.

ಇದರ ತಿರುಗುಮುರುಗು ತೊಂದರೆ ಇನ್ನೂ ಕೆಟ್ಟದ್ದು. ಕ್ಯೂಗೆ ಹಾಕಿದ ಮೇಲೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದರೆ, ಅಂದರೆ ರದ್ದಾದರೆ? ಜಾಬ್ ಮಾತ್ರ ಹೋಗಿಬಿಟ್ಟಿದೆ, ಆರ್ಡರ್ ಇಲ್ಲ. ಜಾಬ್‌ಗೆ ಐಡಿ ಬದಲು ಹೆಸರು, ಮೊತ್ತ, ವಿಳಾಸ ಎಲ್ಲ ಕೊಟ್ಟಿದ್ದರೆ ಅದು ಡೇಟಾಬೇಸ್ ಕೇಳುವುದೇ ಇಲ್ಲ. ಇಲ್ಲದ ಆರ್ಡರ್‌ಗೆ "ನಿಮ್ಮ ಆರ್ಡರ್ ಸಿಕ್ಕಿದೆ" ಎಂದು ಮೇಲ್ ಹೋಗುತ್ತದೆ. ನೀವು ಐಡಿ ಒಂದನ್ನೇ ಕೊಡುತ್ತಿರುವುದು ಒಳ್ಳೆಯ ಅಭ್ಯಾಸ, ಅದನ್ನು ಬಿಡಬೇಡಿ.

ಕಮಿಟ್ ಆಯಿತು, ಕ್ಯೂಗೆ ಹಾಕುವ ಮುಂಚೆ ಸರ್ವರ್ ಬಿತ್ತು ಅಂದರೆ ಏನು ಮಾಡುವುದು ಎಂದು ನೀವು ಕೇಳಬಹುದು. ಕೇಳಲೇಬೇಕು. ಹಣದ ವ್ಯವಹಾರ ಇದ್ದರೆ, ಮಾಡಬೇಕಾದ ಕೆಲಸವನ್ನೂ ಅದೇ ಡೇಟಾಬೇಸ್‌ನ ಒಂದು ಟೇಬಲ್‌ಗೆ, ಅದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಇದಕ್ಕೆ ಔಟ್‌ಬಾಕ್ಸ್ ಅನ್ನುತ್ತಾರೆ. ಆರ್ಡರ್ ಉಳಿದರೆ ಕೆಲಸವೂ ಉಳಿಯುತ್ತದೆ, ಹೋದರೆ ಎರಡೂ ಹೋಗುತ್ತವೆ. ಆ ಟೇಬಲ್ ನೋಡಿ ಕ್ಯೂಗೆ ಸಾಗಿಸುವುದು ಬೇರೆ ಪ್ರೊಸೆಸ್‌ನ ಹೊಣೆ.

ಪ್ರಶ್ನೆ: ಸಣ್ಣ ಆ್ಯಪ್ ನಮ್ಮದು. ದಿನಕ್ಕೆ ಇನ್ನೂರು ಮುನ್ನೂರು ಜಾಬ್. ಇದಕ್ಕೂ ರೆಡಿಸ್ ಬೇಕಾ?

ಉತ್ತರ: ಬೇಡ. ನೀವು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುತ್ತಿದ್ದರೆ ಅದೇ ಸಾಕು. 2016ರ ಜನವರಿಯಲ್ಲಿ ಬಂದ 9.5ನೇ ಆವೃತ್ತಿಯಿಂದ ಅದರಲ್ಲಿ ಸ್ಕಿಪ್ ಲಾಕ್ಡ್ ಅನ್ನುವ ಸೌಲಭ್ಯ ಇದೆ. ಒಂದು ವರ್ಕರ್ ಹಿಡಿದುಕೊಂಡ ಸಾಲನ್ನು ಇನ್ನೊಂದು ವರ್ಕರ್ ಕಾಯದೆ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ಮೈಎಸ್‌ಕ್ಯೂಎಲ್ 8ರಲ್ಲೂ ಇದೆ. ರೈಲ್ಸ್ 8ರಲ್ಲಿ ಹೊಸ ಆ್ಯಪ್ ತೆರೆದರೆ ಜೊತೆಗೆ ಬರುವ ಸಾಲಿಡ್ ಕ್ಯೂ ಇದನ್ನೇ ನಂಬಿ ನಿಂತಿದೆ. ನೋಡಿಕೊಳ್ಳಬೇಕಾದ ಸರ್ವರ್ ಒಂದು ಕಡಿಮೆಯಾದರೆ ನಿಮಗೆ ನಿದ್ದೆ ಜಾಸ್ತಿ ಸಿಗುತ್ತದೆ.

ಪ್ರಶ್ನೆ: ಜ್ಯಾಂಗೋ, ಹಿನ್ನೆಲೆಯ ಟಾಸ್ಕ್ ಓಡಿಸಲು ಸೆಲರಿ, ಕ್ಯೂಗೆ ರೆಡಿಸ್ ಬಳಸುತ್ತೇವೆ. ಟಾಸ್ಕ್ ಕಳೆದುಹೋಗಬಾರದು ಎಂದು ಲೇಟ್ ಆ್ಯಕ್ ಆನ್ ಮಾಡಿದ್ದೇವೆ. ತಿಂಗಳ ಬಿಲ್ ತಯಾರಿಸಿ ಕಳಿಸುವ ಟಾಸ್ಕ್ ಸುಮಾರು ಒಂದೂವರೆ ಗಂಟೆ ಓಡುತ್ತದೆ. ಈಗ ಕೆಲವರಿಗೆ ಬಿಲ್ ಎರಡೆರಡು ಸಲ ಹೋಗುತ್ತಿದೆ. ಲಾಗ್ ನೋಡಿದರೆ ಅದೇ ಟಾಸ್ಕ್ ಒಂದು ಗಂಟೆ ಕಳೆದ ಮೇಲೆ ಮತ್ತೆ ಶುರುವಾಗಿದೆ. ನಾವು ಒಂದೇ ಸಲ ಹಾಕಿದ್ದು!

ಉತ್ತರ: ಲಾಗ್‌ನಲ್ಲಿ ಸಮಯ ನೋಡಿ ಬರೆದಿದ್ದೀರಿ, ತುಂಬಾ ಒಳ್ಳೆಯದಾಯಿತು. ಆ "ಒಂದು ಗಂಟೆ"ಯಲ್ಲೇ ಉತ್ತರ ಇದೆ. ರೆಡಿಸ್ ಜೊತೆ ಸೆಲರಿ ಓಡುವಾಗ ವಿಸಿಬಿಲಿಟಿ ಟೈಮ್‌ಔಟ್ ಎಂಬುದು ಒಂದಿದೆ. ನೀವು ಮುಟ್ಟದಿದ್ದರೆ ಅದು ಒಂದು ಗಂಟೆ. ಲೇಟ್ ಆ್ಯಕ್ ಅಂದರೆ ಟಾಸ್ಕ್ ಮುಗಿದ ಮೇಲಷ್ಟೇ ವರ್ಕರ್ "ಮುಗಿಸಿದೆ" ಎಂದು ಹೇಳುತ್ತದೆ. ಒಂದು ಗಂಟೆ ಕಳೆದರೂ ಆ ಮಾತು ಬರದಿದ್ದರೆ, ವರ್ಕರ್ ಸತ್ತಿರಬೇಕು ಎಂದು ತಿಳಿದು ಅದೇ ಟಾಸ್ಕ್ ಅನ್ನು ಬೇರೆ ವರ್ಕರ್‌ಗೆ ಕೊಡಲಾಗುತ್ತದೆ. ನಿಮ್ಮ ವರ್ಕರ್ ಸತ್ತಿಲ್ಲ, ಕೆಲಸ ಉದ್ದ ಅಷ್ಟೆ. ಅಮೆಜಾನ್‌ನ ಕ್ಯೂ ಸೇವೆ ಎಸ್‌ಕ್ಯೂಎಸ್‌ನಲ್ಲೂ ಇದೇ ಹೆಸರಿನ ಇದೇ ಲೆಕ್ಕ ಇದೆ, ಅಲ್ಲಿ ಅದು ಬರೀ 30 ಸೆಕೆಂಡ್.

ಟೈಮ್‌ಔಟ್ ಹೆಚ್ಚಿಸಿದರೆ ಇವತ್ತಿನ ತೊಂದರೆ ನಿಲ್ಲುತ್ತದೆ. ಗ್ರಾಹಕರು ಹೆಚ್ಚಿ ಟಾಸ್ಕ್ ಮೂರು ಗಂಟೆ ಓಡಿದ ದಿನ ಮತ್ತೆ ಬರುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಒಬ್ಬರಿಗೆ ಒಂದು ಟಾಸ್ಕ್ ಎಂದು ಒಡೆಯಿರಿ. ಒಂದೊಂದೂ ಸೆಕೆಂಡ್‌ಗಳಲ್ಲಿ ಮುಗಿಯುತ್ತದೆ.

ಇಷ್ಟು ಮಾಡಿದರೂ "ಜಾಬ್ ಒಂದೇ ಸಲ ಓಡುತ್ತದೆ" ಎಂದು ನಂಬಿ ಕೋಡ್ ಬರೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮೇಲ್ ಹೋದ ಕ್ಷಣಕ್ಕೂ "ಮುಗಿಸಿದೆ" ಎಂದು ಕ್ಯೂಗೆ ಹೇಳುವ ಕ್ಷಣಕ್ಕೂ ನಡುವೆ ಒಂದು ಸಂದು ಇದೆ. ಆ ಸಂದಿನಲ್ಲಿ ವರ್ಕರ್ ಬಿದ್ದರೆ ಜಾಬ್ ಮತ್ತೆ ಓಡುತ್ತದೆ. ರೂಬಿಯ ಸೈಡ್‌ಕಿಕ್‌ನಲ್ಲಿ, ಡಿಪ್ಲಾಯ್ ಮಾಡಿದಾಗ ಓಡುತ್ತಿರುವ ಜಾಬ್‌ಗೆ 25 ಸೆಕೆಂಡ್ ಕೊಡುತ್ತಾರೆ. ಅಷ್ಟರಲ್ಲಿ ಮುಗಿಯದಿದ್ದರೆ ಅದು ಕ್ಯೂಗೆ ವಾಪಸ್, ಆಮೇಲೆ ಮೊದಲಿಂದ ಓಟ. ಎರರ್ ಬಂದ ಜಾಬ್ ಅನ್ನು ಸೈಡ್‌ಕಿಕ್ 25 ಸಲ, ಸುಮಾರು ಮೂರು ವಾರದವರೆಗೆ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೂರು ವಾರದ ಹಿಂದಿನ ಒಟಿಪಿ ಈಗ ಯಾರಿಗೆ ಬೇಕು? ಒಂದೊಂದು ಜಾಬ್‌ಗೂ ಎಷ್ಟು ಸಲ, ಎಷ್ಟು ಹೊತ್ತು ಎಂದು ಕೂತು ಯೋಚಿಸಿ ಬರೆಯಬೇಕು.

ನಿಮ್ಮ ಬಿಲ್‌ಗೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಗ್ರಾಹಕರ ಐಡಿ ಮತ್ತು ತಿಂಗಳು, ಎರಡೂ ಸೇರಿದ ಜೋಡಿಯ ಮೇಲೆ ಒಂದು ಯೂನಿಕ್ ಇಂಡೆಕ್ಸ್. ಎರಡನೇ ಸಲ ಬಿಲ್ ಸಾಲು ಬರೆಯಲು ಹೋದರೆ ಡೇಟಾಬೇಸೇ ಬೇಡ ಅನ್ನುತ್ತದೆ. "ಇದೆಯಾ ನೋಡು, ಇಲ್ಲದಿದ್ದರೆ ಬರೆ" ಎಂದು ಕೋಡ್‌ನಲ್ಲಿ ಮಾತ್ರ ಕೇಳಿದರೆ ಸಾಲದು. ಎರಡು ವರ್ಕರ್‌ಗಳು ಒಟ್ಟಿಗೆ ನೋಡಿ, ಎರಡಕ್ಕೂ "ಇಲ್ಲ" ಎಂದು ಸಿಗಬಹುದು. ಕಳಿಸಿದ ಸಮಯಕ್ಕೆ ಇನ್ನೊಂದು ಕಾಲಂ. ಅದರಲ್ಲಿ ಏನಾದರೂ ಇದ್ದರೆ ಜಾಬ್ ಸುಮ್ನೆ ವಾಪಸ್ ಬರಲಿ.

ಮೇಲ್ ಮಟ್ಟಿಗೆ ಆ ಸಣ್ಣ ಸಂದು ಉಳಿಯುತ್ತದೆ, ಅಪರೂಪಕ್ಕೆ ಒಬ್ಬರಿಗೆ ಎರಡು ಹೋಗಬಹುದು. ಬಿಲ್ ಹೋಗದೇ ಇರುವುದಕ್ಕಿಂತ ಎರಡು ಹೋಗುವುದು ವಾಸಿ. ಹಣ ಕಡಿತ ಮಾಡುವ ಜಾಬ್ ಆದರೆ ಈ ಮಾತು ಒಪ್ಪುವ ಹಾಗಿಲ್ಲ. ಸ್ಟ್ರೈಪ್‌ನಂಥ ಪಾವತಿ ಸೇವೆಗಳು ಐಡೆಂಪೊಟೆನ್ಸಿ ಕೀ ತೆಗೆದುಕೊಳ್ಳುತ್ತವೆ. ಒಂದೇ ಕೀ ಜೊತೆ ಎರಡು ಸಲ ಕೇಳಿದರೂ ಒಂದೇ ಸಲ ಹಣ ಹೋಗುತ್ತದೆ. ಆ ಕೀಯನ್ನು ಜಾಬ್ ಒಳಗೆ ಹುಟ್ಟಿಸಬೇಡಿ, ಪ್ರತಿ ಓಟಕ್ಕೂ ಹೊಸದಾಗಿಬಿಡುತ್ತದೆ. ಕಂಟ್ರೋಲರ್‌ನಲ್ಲೇ ಮಾಡಿ, ಆರ್ಡರ್ ಸಾಲಿನಲ್ಲಿ ಬರೆದಿಡಿ.

ಪ್ರಶ್ನೆ: ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ, ಕಂಟ್ರೋಲರ್‌ನಿಂದ ಟಾಸ್ಕ್ ರನ್ ಕರೆದು ಅವೇಟ್ ಮಾಡದೆ (ಮುಗಿಯುವುದನ್ನು ಕಾಯದೆ) ಬಿಟ್ಟಿದ್ದೇನೆ. ಡಿಬಿ ಕಾಂಟೆಕ್ಸ್ಟ್ ಡಿಸ್ಪೋಸ್ ಆಗಿದೆ ಎಂದು ಎರರ್ ಬರುತ್ತದೆ. ಒಮ್ಮೊಮ್ಮೆ ಬರುವುದೂ ಇಲ್ಲ.

ಉತ್ತರ: ಡಿಬಿ ಕಾಂಟೆಕ್ಸ್ಟ್, ಅಂದರೆ ಡೇಟಾಬೇಸ್ ಜೊತೆ ಮಾತಾಡುವ ಆಬ್ಜೆಕ್ಟ್, ನಿಮ್ಮ ರಿಕ್ವೆಸ್ಟ್‌ನ ಸೊತ್ತು. ರಿಕ್ವೆಸ್ಟ್ ಮುಗಿದ ಕೂಡಲೇ ಫ್ರೇಮ್‌ವರ್ಕ್ ಅದನ್ನು ಮುಚ್ಚುತ್ತದೆ. ಟಾಸ್ಕ್ ಬೇಗ ಮುಗಿದರೆ ಎರರ್ ಇಲ್ಲ, ತಡವಾದರೆ ಇದೆ, ಅದಕ್ಕೇ ಒಮ್ಮೊಮ್ಮೆ. ಸರ್ವಿಸ್ ಸ್ಕೋಪ್ ಫ್ಯಾಕ್ಟರಿಯಿಂದ ಕೆಲಸಕ್ಕೇ ಬೇರೆ ಸ್ಕೋಪ್ ತೆರೆದು, ಅದರೊಳಗಿನ ಕಾಂಟೆಕ್ಸ್ಟ್ ಬಳಸಿದರೆ ಎರರ್ ಹೋಗುತ್ತದೆ. ಬ್ಯಾಕ್‌ಗ್ರೌಂಡ್ ಸರ್ವಿಸ್ ಮತ್ತು ಚಾನೆಲ್ ಜೋಡಿ ಇನ್ನೂ ಅಚ್ಚುಕಟ್ಟು. ಆದರೆ ಇವೆಲ್ಲ ಮೆಮೊರಿಯಲ್ಲೇ ಇರುತ್ತವೆ, ಮೇಲೆ ಹೇಳಿದ 380 ಮೇಲ್‌ಗಳ ಕತೆ ನಿಮಗೂ ಆಗಬಹುದು. ಕಳೆದುಹೋಗಬಾರದ ಕೆಲಸವಾದರೆ ಹ್ಯಾಂಗ್‌ಫೈರ್ ನೋಡಿ, ಅದು ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ.

ಪ್ರಶ್ನೆ: ಕೆಲಸ ಹಿನ್ನೆಲೆಗೆ ಹೋಯಿತು ಸರಿ, ಬಟನ್ ಒತ್ತಿದವರಿಗೆ ಏನು ತೋರಿಸಬೇಕು?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಪತ್ರ ಬರೆದವರಲ್ಲಿ ಪರದೆಯ ಮುಂದೆ ಕೂತವರನ್ನು ನೆನೆಸಿಕೊಂಡವರು ನೀವೊಬ್ಬರೇ.

ಕಂಟ್ರೋಲರ್ ಕೊಡಬೇಕಾದ ಉತ್ತರಕ್ಕೆ ಎಚ್‌ಟಿಟಿಪಿಯಲ್ಲೇ ಒಂದು ಸಂಖ್ಯೆ ಇದೆ, 202. "ಒಪ್ಪಿಕೊಂಡಿದ್ದೇನೆ, ಇನ್ನೂ ಮುಗಿಸಿಲ್ಲ" ಎಂದು ಅರ್ಥ. ಜೊತೆಗೆ, ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಒಂದು ವಿಳಾಸ ಕೊಡಿ. ಪುಟ ಐದು ಸೆಕೆಂಡಿಗೊಮ್ಮೆ ಅಲ್ಲಿ ಕೇಳಿದರೆ ಸಾಕು. ವೆಬ್‌ಸಾಕೆಟ್ (ಸರ್ವರ್ ತಾನಾಗಿ ಸುದ್ದಿ ಕಳಿಸಲು ತೆರೆದಿಟ್ಟ ಸಂಪರ್ಕ) ಬೇಕೇ ಬೇಕು ಅಂತೇನಿಲ್ಲ.

ಆದರೆ ಪರದೆಯ ಮೇಲಿನ ಮಾತು ನಿಜ ಇರಬೇಕು. ಕ್ಯೂಗೆ ಹಾಕಿದ ತಕ್ಷಣ "ಪ್ರಮಾಣಪತ್ರ ಕಳಿಸಲಾಗಿದೆ" ಎಂದು ಹಸಿರು ಪಟ್ಟಿ ತೋರಿಸುವ ಆ್ಯಪ್‌ಗಳು ಎಷ್ಟೋ ಇವೆ. ಆಗ ಇನ್ನೂ ಒಂದೂ ಹೋಗಿರುವುದಿಲ್ಲ. "600 ಜನರಿಗೆ ಕಳಿಸುವ ಕೆಲಸ ಶುರುವಾಗಿದೆ" ಎಂದು ಬರೆಯಿರಿ. ಬಟನ್ ಒತ್ತಿದಾಗ ಡೇಟಾಬೇಸ್‌ನಲ್ಲಿ ಈ ಸರದಿಗೆ ಒಂದು ಸಾಲು ಮಾಡಿ, ಪ್ರತಿಯೊಬ್ಬರಿಗೂ ಅದರ ಕೆಳಗೆ ಒಂದು ಸಾಲು: ಕಾಯುತ್ತಿದೆ, ಹೋಯಿತು, ಆಗಲಿಲ್ಲ. ಲೆಕ್ಕವನ್ನು ಈ ಸಾಲುಗಳಿಂದ ತೆಗೆಯಿರಿ, ಕ್ಯೂ ಒಳಗೆ ಇಣುಕಿ ಅಲ್ಲ. ಮುಗಿದ ಜಾಬ್ ಕ್ಯೂನಲ್ಲಿ ಉಳಿದಿರುತ್ತದೆ ಅಂತ ನಂಬುವ ಹಾಗಿಲ್ಲ.

ನಾವು ಕೊನೆಗೆ ಕಟ್ಟಿದ ಪುಟದಲ್ಲಿ ಮೇಲೆ "380ರಲ್ಲಿ 377 ಹೋಗಿವೆ" ಎಂದು ಬರುತ್ತಿತ್ತು. ಕೆಳಗೆ ಉಳಿದ ಮೂರು ಹೆಸರು. ಎರಡರ ಪಕ್ಕ "ಮೇಲ್ ವಿಳಾಸ ತಪ್ಪಿದೆ", ಒಂದರ ಪಕ್ಕ "ಹೆಸರು ಪಿಡಿಎಫ್‌ನಲ್ಲಿ ಮೂಡುತ್ತಿಲ್ಲ". ಪ್ರತಿ ಹೆಸರಿನ ಎದುರು ತಿದ್ದುವ ಜಾಗ, ಆಮೇಲೆ "ಇವರಿಗೆ ಮಾತ್ರ ಮತ್ತೆ ಕಳಿಸಿ" ಎನ್ನುವ ಬಟನ್. ಮೊದಲ ಪ್ರಶ್ನೆ ಕೇಳಿದವರೂ ಇಷ್ಟನ್ನು ಮಾಡಿಕೊಳ್ಳಿ. ಆದರೆ ಅದಕ್ಕೂ ಮುಂಚೆ, ಮೇಲ್ ಸಿಗದವರ ಪಟ್ಟಿಯನ್ನು ಮೇಲ್ ಸರ್ವರ್‌ನ ಲಾಗ್‌ನಿಂದ ಇವತ್ತೇ ತೆಗೆದು ಅವರಿಗೆ ಕಳಿಸಿಬಿಡಿ. ಅವರಲ್ಲಿ ಯಾರಿಗಾದರೂ ನಾಳೆ ಸಂದರ್ಶನ ಇರಬಹುದು.